ಲೋಹಕ್ಕೆ ಅಂಟದ ವಸಡು

ಲೋಹದ ಚೌಕಟ್ಟಿನ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡವರು ಕೆಲವು ವರ್ಷ ಬಳಸಿದ ಮೇಲೆ ಅದನ್ನು ಬೆಳಕಿಗೆ ಹಿಡಿದು ನೋಡಲಿ. ಹೊಳೆಯುವ ಲೋಹವೂ ವಸಡಿನ ಬಣ್ಣದ ಅಕ್ರಿಲಿಕ್ಕೂ ಸೇರುವ ಕಡೆ ಕೂದಲೆಳೆಯಷ್ಟು ಕಪ್ಪು ಗೆರೆ ಕಾಣಬಹುದು. ‘ಪ್ಲಾಸ್ಟಿಕ್ ಕಳಪೆ’ ಎಂದು ಬೈಯುವವರೇ ಜಾಸ್ತಿ. ಆದರೆ ಬಹಳ ಸಲ ತಪ್ಪಿರುವುದು ಪ್ಲಾಸ್ಟಿಕ್ಕಿನಲ್ಲಲ್ಲ, ಕೂಡಿಕೆಯಲ್ಲಿ.

ನಂಬಿಕೆ: ಬೇಯಿಸಿ ಗಟ್ಟಿಮಾಡಿದ ಅಕ್ರಿಲಿಕ್ ಲೋಹಕ್ಕೆ ತಾನೇ ಅಂಟಿಕೊಳ್ಳುತ್ತದೆ.

ಅಂಟುವುದಿಲ್ಲ. ಪುಡಿಗೆ ದ್ರವ ಕಲಸಿ, ಹಿಟ್ಟಿನ ಹದಕ್ಕೆ ತಂದು ಅಚ್ಚಿಗೆ ಒತ್ತಿ, ಬಿಸಿನೀರಿನಲ್ಲಿ ಬೇಯಿಸುವಾಗ ಅಕ್ರಿಲಿಕ್ ಗಾತ್ರದಲ್ಲಿ ಶೇ. 6–7ರಷ್ಟು ಕುಗ್ಗುತ್ತದೆ. ಕುಗ್ಗುವಾಗ ಲೋಹದಿಂದ ಬಿಡಿಸಿಕೊಳ್ಳಲು ನೋಡುತ್ತದೆ. ಬಾಯಿಗೆ ಹೋದ ಮೇಲೂ ಇಬ್ಬರಿಗೂ ಹೊಂದಿಕೆಯಿಲ್ಲ: ಬಿಸಿ ಕಾಫಿ ತಗುಲಿದರೆ ಅಕ್ರಿಲಿಕ್ ಹಿಗ್ಗುವ ಪ್ರಮಾಣ ಚೌಕಟ್ಟಿನ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ಐದಾರು ಪಟ್ಟು. ಹೀಗೆ ಬಿಟ್ಟ ಸಂದಿನಲ್ಲಿ ಜೊಲ್ಲು, ಚಹಾದ ಕರೆ, ಶಿಲೀಂಧ್ರ ಎಲ್ಲವೂ ಸೇರಿಕೊಳ್ಳುತ್ತವೆ. ಕಪ್ಪು ಗೆರೆಯೂ ವಾಸನೆಯೂ ಬರುವುದು ಅಲ್ಲಿಂದಲೇ.

ಹಾಗಾದರೆ ಸೆಟ್ಟು ಕಳಚಿ ಬೀಳದಿರುವುದು ಹೇಗೆ? ಚೌಕಟ್ಟು ಎರಕ ಹೊಯ್ಯುವ ಮೊದಲೇ ಲ್ಯಾಬಿನವರು, ಹಲ್ಲಿಲ್ಲದ ಜಾಗದಲ್ಲಿ, ಬಾಯಿಯ ಅಚ್ಚಿನ ಮಾದರಿಯ ಮೇಲೆ ತೆಳು ಮೇಣದ ಹಾಳೆ ಹಾಸುತ್ತಾರೆ. ಅದರಿಂದಾಗಿ ಲೋಹದ ಜಾಲರಿ ವಸಡಿನಿಂದ ತುಸು ಮೇಲೆ ನಿಲ್ಲುತ್ತದೆ; ಅಕ್ರಿಲಿಕ್ ಕಣ್ಣುಗಳೊಳಗೆ ಇಳಿದು ಅಡಿಯಲ್ಲೂ ಹರಡಿ ಗಟ್ಟಿಯಾಗುತ್ತದೆ. ಕಂಬಿಯ ಸುತ್ತ ಕಾಂಕ್ರೀಟು ಕೂತಂತೆ. ಇದು ಹಿಡಿತ, ಅಂಟಲ್ಲ. ಮೇಣ ಹಾಸಲು ಮರೆತರೆ ಅಡಿಯಲ್ಲಿ ಜಾಗವೇ ಉಳಿಯದು, ಆ ಸೆಟ್ಟು ಬಹಳ ದಿನ ಬಾಳದು.

ನಂಬಿಕೆ: ಲೋಹವನ್ನು ಒರಟು ಮಾಡಿದರೆ ಸಾಕು.

ಸುಮಾರು 50 ಮೈಕ್ರಾನ್ ಅಲ್ಯೂಮಿನಾ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಸಿಡಿಸಿದರೆ ಮೇಲ್ಮೈ ಶುಚಿಯಾಗಿ ಹಿಡಿತ ಹೆಚ್ಚುವುದು ನಿಜ. ಆದರೆ ಜೊಲ್ಲು ನುಸುಳದಂತೆ ತಡೆಯಲು ರಾಸಾಯನಿಕ ಬೆಸುಗೆ ಬೇಕು. 1970ರ ದಶಕದ ಕೊನೆಯಿಂದ 80ರ ದಶಕದೊಳಗೆ ಜಪಾನಿನ ಸಂಶೋಧಕರು ಅದಕ್ಕೆ ದಾರಿ ತೆರೆದರು. 4-ಮೆಟಾ, ಎಂಡಿಪಿ ಎಂಬ ಅಣುಗಳ ಒಂದು ತುದಿ ಲೋಹದ ಮೇಲಿನ ಆಕ್ಸೈಡ್ ಪದರವನ್ನು ಹಿಡಿಯುತ್ತದೆ, ಇನ್ನೊಂದು ತುದಿ ಗಟ್ಟಿಯಾಗುತ್ತಿರುವ ಅಕ್ರಿಲಿಕ್ ಸರಪಳಿಗೆ ಸೇರುತ್ತದೆ. ಇವನ್ನು ಪ್ರೈಮರ್ ರೂಪದಲ್ಲಿ ಹಚ್ಚುವುದು ಪುಡಿ ಸಿಡಿಸಿದ ಬೆನ್ನಲ್ಲೇ. ನಡುವೆ ಬೆರಳು ತಾಗಿ ಎಣ್ಣೆಯಂಶ ಕೂತರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಹಾಗೆಂದು ಪ್ರೈಮರ್ ಇದ್ದಮೇಲೆ ಜಾಲರಿ ಏಕೆ ಎನ್ನುವಂತಿಲ್ಲ. ಬಾಯಿಯ ತೇವ ವರ್ಷಗಟ್ಟಲೆ ಈ ಬೆಸುಗೆಯನ್ನು ಸವೆಸುತ್ತಲೇ ಇರುತ್ತದೆ.

ನಂಬಿಕೆ: ಚಿನ್ನದ ಮಿಶ್ರಲೋಹವಾದರೆ ಇನ್ನೂ ಗಟ್ಟಿಯಾಗಿ ಕೂಡುತ್ತದೆ.

ಇಲ್ಲಿ ಲೆಕ್ಕ ತಿರುಗುಮುರುಗು. ಚಿನ್ನ ಆಕ್ಸೈಡ್ ಆಗುವುದಿಲ್ಲ ಎಂಬುದೇ ಅದರ ಹೆಗ್ಗಳಿಕೆ, ಅಂಟಿಸಲು ಹೊರಟವರಿಗೆ ಅದೇ ತೊಡಕು. ಅದಕ್ಕೆಂದೇ ಗಂಧಕವಿರುವ ಬೇರೆ ಪ್ರೈಮರ್ ಬಳಸುತ್ತಾರೆ; ತವರದ ಲೇಪ ಕೊಡುವುದೂ ಸಿಲಿಕಾ ಪದರ ಕೂರಿಸುವುದೂ ಇತ್ತು, ಇದೆ. ಬೆಲೆ ಕಡಿಮೆಯ ಕೋಬಾಲ್ಟ್-ಕ್ರೋಮಿಯಂ ಈ ಒಂದು ವಿಷಯದಲ್ಲಿ ಚಿನ್ನಕ್ಕಿಂತ ಸಲೀಸು.

ನಂಬಿಕೆ: ಬಿಟ್ಟುಕೊಂಡರೆ ಮನೆಯಲ್ಲೇ ಫೆವಿಕ್ವಿಕ್ ಹಾಕಬಹುದು.

ದಯವಿಟ್ಟು ಬೇಡ. ಅದು ಬಾಯೊಳಗಿನ ಬಳಕೆಗೆಂದು ಮಾಡಿದ ಅಂಟಲ್ಲ. ಅಂಚುಗಳ ಮೇಲೆ ಗಟ್ಟಿ ಪದರವಾಗಿ ಕೂತು, ತುಣುಕುಗಳು ಮೊದಲಿನಂತೆ ಹೊಂದದ ಹಾಗೆ ಮಾಡುತ್ತದೆ. ಆಮೇಲೆ ಲ್ಯಾಬಿನವರು ಅದನ್ನೆಲ್ಲ ಉಜ್ಜಿ ತೆಗೆಯಬೇಕು. ಬ್ಲೀಚ್ ನೀರಲ್ಲಿ ರಾತ್ರಿಯಿಡೀ ನೆನೆಸುವುದೂ ಲೋಹಕ್ಕೆ ಹಾನಿ, ಕುದಿನೀರು ಅಕ್ರಿಲಿಕ್ಕಿಗೆ ಹಾನಿ. ತಣ್ಣೀರು, ಮೃದು ಬ್ರಷ್ಷು, ಸ್ವಲ್ಪ ಸೋಪು ಸಾಕು. ಸಂದಿನ ಗೆರೆ ಉಜ್ಜಿದರೂ ಹೋಗದಿದ್ದರೆ ಸೆಟ್ಟನ್ನು ದಂತವೈದ್ಯರಿಗೆ ತೋರಿಸಿ. ಆ ಭಾಗದ ಹಳೆಯ ಅಕ್ರಿಲಿಕ್ ಕೊರೆದು, ಲೋಹ ಶುಚಿಮಾಡಿ, ಪ್ರೈಮರ್ ಹಚ್ಚಿ ಹೊಸದು ಕೂರಿಸಲು ಬರುತ್ತದೆ.