ಕೂಸಿನ ಪಾಲು ಮೊದಲು ತೆಗೆದಿಡಿ

ದಾನ ಬೇರೆ, ದಾಸೋಹ ಬೇರೆ. ದಾನದಲ್ಲಿ ಕೊಟ್ಟೆನೆಂಬ ಭಾವ ಉಳಿಯಬಹುದು. ದಾಸೋಹದಲ್ಲಿ ನಾನು ದಾಸನೆಂಬ ಭಾವವೊಂದೇ ಇರುತ್ತದೆ. ಹಸಿದಿದ್ದೇನೆಂದು ಹೇಳಲೂ ಬಾರದ ಕೂಸಿನ ಮುಂದೆ ಈ ಭೇದ ಚೆನ್ನಾಗಿ ತಿಳಿಯುತ್ತದೆ. ಕೂಸು ಹೊಗಳುವುದಿಲ್ಲ, ಕಲ್ಲಿನ ಮೇಲೆ ಹೆಸರು ಕೆತ್ತಿಸುವುದಿಲ್ಲ, ಋಣ ತೀರಿಸುವುದೂ ಇಲ್ಲ. ಅದಕ್ಕೆ ಉಣಿಸಿದ ತುತ್ತು ನಿಜವಾದ ದಾಸೋಹ.

2020ರ ಮಾರ್ಚ್ ತಿಂಗಳಲ್ಲಿ ಕೊರೊನಾ ರೋಗದ ಭಯದಿಂದ ನಾಡಿಗೆ ನಾಡೇ ಬಾಗಿಲು ಹಾಕಿಕೊಂಡಿತು. ದುಡಿದು ಉಣ್ಣುವವರ ಕೂಲಿ ನಿಂತಿತು. ಶಾಲೆ, ಅಂಗನವಾಡಿಗಳು ಮುಚ್ಚಿದವು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ನಮ್ಮ ನಾಡಿನಲ್ಲಿ ತಿರುಮಕೂಡಲು ನರಸೀಪುರದಲ್ಲಿ ಮೊದಲು ಕಾಲಿಟ್ಟ ಅಂಗನವಾಡಿ, ಬಡವರ ಮಕ್ಕಳಿಗೆ ಎರಡನೆಯ ತಾಯಿಮನೆಯಂತೆ ಬೆಳೆದಿತ್ತು. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲೂ ಅಲ್ಲಿ ಸೇರಿತ್ತು. ಅಂಥ ಮನೆಯ ಒಲೆ ಆರಿತು. ಮಕ್ಕಳ ಊಟ ತಪ್ಪಬಾರದೆಂದು ಸರ್ವೋಚ್ಚ ನ್ಯಾಯಾಲಯವು ಆ ಮಾರ್ಚ್‌ನಲ್ಲಿಯೇ ತಾನಾಗಿ ವಿಚಾರಣೆಗೆ ತೆಗೆದುಕೊಂಡಿತು. ಅಂಗನವಾಡಿಯ ತಾಯಂದಿರು ರೋಗದ ಭಯವನ್ನೂ ಲೆಕ್ಕಿಸದೆ ದವಸಧಾನ್ಯಗಳನ್ನು ಮನೆಮನೆಗೆ ಮುಟ್ಟಿಸಿದರು. ಅವರ ಈ ಕಾಯಕವನ್ನು ನಾವು ಮನಸಾರೆ ಮೆಚ್ಚುತ್ತೇವೆ. ನಮ್ಮ ರಾಜ್ಯದಲ್ಲಿ ಅಂಗನವಾಡಿಗಳು ಮತ್ತೆ ತೆರೆದದ್ದು 2021ರ ನವೆಂಬರ್‌ನಲ್ಲಿ.

ಆದರೆ ಭಕ್ತರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಧಾನ್ಯ ಮನೆಗೆ ಬಂದ ಮಾತ್ರಕ್ಕೆ ಅನ್ನ ಕೂಸಿನ ಹೊಟ್ಟೆಗೆ ಹೋಯಿತೆಂದು ತಿಳಿಯಬಾರದು. ಅಂಗನವಾಡಿಯಲ್ಲಿ ಮಗುವಿನ ತಟ್ಟೆ ಮಗುವಿನದೇ. ಕೂಲಿಯಿಲ್ಲದ ಮನೆಯಲ್ಲಿ ಒಬ್ಬ ಮಗುವಿನ ಪಾಲು ಆರು ಜನರ ಗಡಿಗೆಗೆ ಬೀಳುತ್ತದೆ. ಇದು ಯಾರ ದೋಷವೂ ಅಲ್ಲ, ಬಡತನದ ಗುಣ. ದೊಡ್ಡವರು ಎರಡು ಹೊತ್ತು ಹಸಿದಿದ್ದರೆ ಸುಧಾರಿಸಿಕೊಂಡಾರು. ಎರಡು ವರ್ಷದೊಳಗಿನ ಕೂಸಿಗೆ ಅನ್ನ ತಪ್ಪಿದರೆ ಎತ್ತರ, ಬುದ್ಧಿ ಎರಡೂ ಕುಗ್ಗುತ್ತವೆ. ಮೊಳಕೆಗೆ ತಪ್ಪಿದ ನೀರನ್ನು ಸುಗ್ಗಿಯಲ್ಲಿ ಹಾಯಿಸಿದರೇನು ಫಲ? ರೋಗ ಬರುವ ಮುನ್ನ, 2019ರಲ್ಲಿ ಮನೆಮನೆ ತಿರುಗಿ ತೆಗೆದ ರಾಷ್ಟ್ರೀಯ ಸಮೀಕ್ಷೆಯ ಲೆಕ್ಕದಲ್ಲಿಯೇ, ನಮ್ಮ ರಾಜ್ಯದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಸಂಕಟ ಬಿದ್ದದ್ದು ಮೊದಲೇ ಬಡಕಲಾದ ಮೈಗಳ ಮೇಲೆ.

ಆದ್ದರಿಂದ ಊರಿನ ಹಿರಿಯರಿಗೆ ನಮ್ಮ ಮಾತಿಷ್ಟೆ. ಇಷ್ಟಲಿಂಗಕ್ಕೆ ಅರ್ಪಿಸದೆ ಉಣ್ಣಬಾರದೆಂಬುದು ನಮ್ಮ ನೇಮ. ಅದೇ ನೇಮದಂತೆ ಕೂಸಿನ ಪಾಲನ್ನು ತೆಗೆದಿಟ್ಟ ಮೇಲೆಯೇ ಮಿಕ್ಕವರು ಉಣ್ಣಲಿ. ಕೂಸಿಗೆಂದು ಬೇರೆ ತಟ್ಟೆ ಇರಲಿ. ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು. ಕೊರೊನಾ ತಗುಲಿದ ತಾಯಿ ಕೂಡ ಕೈ ತೊಳೆದು, ಬಾಯಿ ಮೂಗು ಮುಚ್ಚಿಕೊಂಡು ಎದೆಹಾಲು ಕೊಡಬಹುದೆಂದು ವೈದ್ಯರು ಹೇಳಿದ್ದನ್ನು ಮರೆಯಬಾರದು. ಆರು ತಿಂಗಳು ತುಂಬಿದ ಮೇಲೆ ಮೊಳಕೆ ಕಟ್ಟಿದ ರಾಗಿಯ ಸರಿ, ಮೆತ್ತಗೆ ಬೇಯಿಸಿದ ಬೇಳೆ ಅನ್ನ, ಸೊಪ್ಪು, ಒಂದಿಷ್ಟು ಬೆಣ್ಣೆ. ಕೂಸಿನ ಹೊಟ್ಟೆ ಮುಷ್ಟಿಯಷ್ಟು; ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣಿಸಬೇಕು. ಜ್ವರ, ಭೇದಿ ಬಂದಾಗ ಅನ್ನ ನಿಲ್ಲಿಸುವ ರೂಢಿ ಒಳ್ಳೆಯದಲ್ಲ. ಬಾಣಂತಿಯ ಹೊಟ್ಟೆ ತುಂಬಿದರೆ ಕೂಸಿನದೂ ತುಂಬಿದಂತೆ.

ಅಡಿಗೆ ಮಾಡುವಾಗ ಹಿಡಿ ಅಕ್ಕಿ ತೆಗೆದಿಡುವ ಪದ್ಧತಿ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಮಠದ ಜೋಳಿಗೆ ತುಂಬಿದ್ದು ಆ ಹಿಡಿಗಳಿಂದಲೇ. ಸಿದ್ಧಗಂಗೆಯ ಲಿಂಗೈಕ್ಯ ಶಿವಕುಮಾರ ಮಹಾಸ್ವಾಮಿಗಳು ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನವಿಟ್ಟದ್ದು ಭಕ್ತರ ಇಂಥ ಭಕ್ತಿಯ ಬಲದಿಂದ. ಕೊರೊನಾ ಕಾಲ ಕಳೆಯಿತು. ಬರ, ನೆರೆ, ರೋಗಗಳು ಮತ್ತೆ ಬಾರವೆಂದು ಹೇಳುವವರಾರು? ಸರ್ಕಾರದ ಬಾಗಿಲು ಮುಚ್ಚಿದ ದಿನವೂ ಊರಿನ ಬಾಗಿಲು ತೆರೆದಿರಬೇಕು. ಯಾವ ಮನೆಯಲ್ಲಿ ಕೂಸಿದೆ, ಯಾರ ಒಲೆ ಉರಿದಿಲ್ಲ ಎಂಬುದು ಊರ ಹಿರಿಯರಿಗೆ ತಿಳಿದಷ್ಟು ಯಾವ ಕಚೇರಿಗೂ ತಿಳಿಯದು. ಪ್ರತಿ ಊರೂ ಇಂದೇ ಒಂದು ಹಿಡಿ ತೆಗೆದಿಡಲಿ. ಹಸಿದ ಕೂಸು ನಕ್ಕರೆ ಶಿವನು ಒಲಿದಂತೆ. ಸರ್ವರಿಗೂ ಸನ್ಮಂಗಲವಾಗಲಿ.