ನಲವತ್ತರ ಹೊಸ್ತಿಲಲ್ಲಿ ತೊಟ್ಟಿಲು

ಪ್ರತಿವರ್ಷವೂ ನಮ್ಮ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ಮಧುಮೇಹ, ರಕ್ತದೊತ್ತಡ, ಮೊಣಕಾಲು ನೋವು ಮುಂತಾದವುಗಳನ್ನು ಕುರಿತ ಲೇಖನಗಳು ಪ್ರಕಟವಾಗುವುದುಂಟು. ಈ ಸಲ ನಾನು ಎತ್ತಿಕೊಂಡಿರುವುದು ರೋಗವನ್ನಲ್ಲ, ಒಂದು ನಿರ್ಧಾರವನ್ನು. ವಯಸ್ಸು ನಲವತ್ತರ ಸಮೀಪಕ್ಕೆ ಬಂದಿರುವ ದಂಪತಿಗಳು ಮಗುವನ್ನು ಪಡೆಯಬೇಕೇ ಬೇಡವೇ ಎಂಬುದೇ ಆ ವಿಷಯ. ನಾನು ವೈದ್ಯನಲ್ಲ, ವಾಣಿಜ್ಯ ಪದವೀಧರ, ಬ್ಯಾಂಕೊಂದರಲ್ಲಿ ಅಧಿಕಾರಿ. ನನಗೆ 43, ನನ್ನ ಪತ್ನಿಗೆ 39. ಕಳೆದ ಎಂಟು ತಿಂಗಳಿಂದ ನಮ್ಮ ಮನೆಯಲ್ಲಿ ನಡೆದಿರುವ ಮಾತುಕತೆಯೇ ಇದಾದ್ದರಿಂದ, ಓದಿ ಕೇಳಿ ತಿಳಿದುಕೊಂಡದ್ದನ್ನು ಸಂಘದ ಬಂಧುಗಳ ಮುಂದಿಡುವ ಧೈರ್ಯ ಮಾಡಿದ್ದೇನೆ.

ಮಹಾನಗರಕ್ಕೆ ಬಂದು ನೆಲೆಸಿದ ನಮ್ಮವರಲ್ಲಿ ಮದುವೆ ತಡವಾಗಲು ಕಾರಣಗಳನ್ನು ಹುಡುಕಬೇಕಾಗಿಲ್ಲ. ತಂಗಿಯರ ಮದುವೆ ಮುಗಿಯಬೇಕು. ಊರ ಮನೆಯ ಸಾಲ ತೀರಬೇಕು. ಡೊಂಬಿವಲಿಯಲ್ಲೋ ಠಾಣೆಯಲ್ಲೋ ಒಂದು ಸೂರು ಆಗಬೇಕು. ಅಷ್ಟರಲ್ಲಿ ವರ್ಗಾವಣೆಯ ಆದೇಶ ಬರಬೇಕು. ಇವೆಲ್ಲ ಮುಗಿಯುವ ವೇಳೆಗೆ ಗಂಡಿಗೆ ಮೂವತ್ತೇಳು, ಹೆಣ್ಣಿಗೆ ಮೂವತ್ತಮೂರು. ನಮ್ಮದೂ ಇದೇ ಲೆಕ್ಕ.

ಈ ಮಾತು ಬಂದಾಗಲೆಲ್ಲ ಹಿರಿಯರು ಹೇಳುವುದೊಂದಿದೆ: "ನಮ್ಮ ಅಜ್ಜಿ ನಲವತ್ತೆರಡಕ್ಕೆ ಹಡೆಯಲಿಲ್ಲವೇ? ಮಗಳ ಬಾಣಂತನವೂ ತಾಯಿಯ ಬಾಣಂತನವೂ ಒಂದೇ ಕೋಣೆಯಲ್ಲಿ ನಡೆಯುತ್ತಿರಲಿಲ್ಲವೇ?" ನಿಜ. ಅಳಿಯನಿಗಿಂತ ಕಿರಿಯನಾದ ಸೋದರಮಾವ ನಮ್ಮ ಬಳಗದಲ್ಲಿಯೂ ಒಬ್ಬರಿದ್ದಾರೆ. ಆದರೆ ಅಜ್ಜಿಯ ಆ ಹೆರಿಗೆ ಎಂಟನೆಯದೋ ಒಂಬತ್ತನೆಯದೋ ಆಗಿತ್ತು. ಹಲವು ಸಲ ಹೆತ್ತ ದೇಹದ ಕೊನೆಯ ಹೆರಿಗೆಗೂ ನಲವತ್ತರ ಚೊಚ್ಚಲಿಗೂ ಅಂತರವಿದೆ. ಮೇಲಾಗಿ, ಆ ಹೆರಿಗೆಗಳಲ್ಲಿ ತೀರಿಕೊಂಡ ಅಜ್ಜಿಯರ ಕಥೆಯನ್ನು ಹೇಳುವವರು ಯಾರೂ ಉಳಿದಿಲ್ಲ.

ಇನ್ನು ದೇಹದ ಲೆಕ್ಕಕ್ಕೆ ಬರೋಣ. ಹೆಣ್ಣುಮಗು ಹುಟ್ಟುವಾಗಲೇ ಆಕೆಯ ಅಂಡಾಶಯಗಳಲ್ಲಿ ಹತ್ತರಿಂದ ಇಪ್ಪತ್ತು ಲಕ್ಷ ಅಂಡಾಣುಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಅವು ಮೂರು ನಾಲ್ಕು ಲಕ್ಷಕ್ಕೆ ಇಳಿಯುತ್ತವೆ. ಮೂವತ್ತೇಳರ ಸುಮಾರಿಗೆ ಇಪ್ಪತ್ತೈದು ಸಾವಿರದಷ್ಟು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಇದು ಹುಟ್ಟಿದ ದಿನ ಒಮ್ಮೆ ಮಾತ್ರ ಜಮಾ ಆಗಿ, ಮುಂದೆ ಬರೀ ಖರ್ಚೇ ಬೀಳುವ ಖಾತೆ. ಉಳಿದ ಶಿಲ್ಕಿಗಿಂತಲೂ ಮುಖ್ಯವಾದದ್ದು ಅದರ ಗುಣ. ವಯಸ್ಸಾದಂತೆ ಅಂಡಾಣುವಿನೊಳಗಿನ ವರ್ಣತಂತುಗಳ ಹಂಚಿಕೆಯಲ್ಲಿ ದೋಷಗಳು ಹೆಚ್ಚುತ್ತವೆ. ಎ.ಎಂ.ಎಚ್. ಎಂಬ ರಕ್ತಪರೀಕ್ಷೆ ಉಳಿದ ಸಂಖ್ಯೆಯ ಸುಳಿವನ್ನು ಕೊಡಬಲ್ಲದು, ಗುಣವನ್ನು ಹೇಳಲಾರದು. ಆ ವರದಿಯಲ್ಲಿ ಕಡಮೆ ಅಂಕಿ ಕಂಡು ಕಂಗೆಡುವವರೂ, ಹೆಚ್ಚು ಅಂಕಿ ಕಂಡು ನಿಶ್ಚಿಂತರಾಗುವವರೂ ಇಬ್ಬರೂ ಇದನ್ನು ನೆನಪಿನಲ್ಲಿಡಬೇಕು.

ಎರಡು ವರ್ಷಗಳ ಹಿಂದೆ ನನ್ನ ಪತ್ನಿಗೆ ನಿಂತಿದ್ದ ಬಸಿರು ಒಂಬತ್ತನೆಯ ವಾರದಲ್ಲಿ ಉಳಿಯಲಿಲ್ಲ. ಲೋಕಲ್ ರೈಲಿನಲ್ಲಿ ನಿಂತು ಓಡಾಡಿದ್ದೇ ಕಾರಣವೆಂದು ಒಬ್ಬರು, ಪಪ್ಪಾಯಿ ತಿಂದದ್ದೆಂದು ಇನ್ನೊಬ್ಬರು, ಏಣಿ ಹತ್ತಿ ದೀಪಾವಳಿಯ ಆಕಾಶಬುಟ್ಟಿ ಕಟ್ಟಿದ್ದೆಂದು ಮತ್ತೊಬ್ಬರು ತೀರ್ಪು ಕೊಟ್ಟರು. ಆಕೆ ಎಲ್ಲವನ್ನೂ ಕೇಳಿಸಿಕೊಂಡು, ಒಂದನ್ನೂ ಮರೆಯಲಿಲ್ಲ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಸ್ರಾವಗಳಲ್ಲಿ ಅರ್ಧದಷ್ಟಕ್ಕಾದರೂ ಭ್ರೂಣದ ವರ್ಣತಂತುಗಳ ದೋಷವೇ ಕಾರಣವೆಂದು ನಮ್ಮ ವೈದ್ಯರು ವಿವರಿಸಿದ ದಿನ ಮನೆಗೆ ಬರುವಾಗ ದಾರಿಯುದ್ದಕ್ಕೂ ಆಕೆ ಅತ್ತಳು. ಆ ಅಳುವಿನಲ್ಲಿ ಅರ್ಧ ಸಮಾಧಾನವೇ ಇತ್ತೆಂದು ನನ್ನ ಎಣಿಕೆ. ಇಪ್ಪತ್ತರ ಕೊನೆಯ ವರ್ಷಗಳಲ್ಲಿ ನೂರು ಬಸಿರುಗಳಲ್ಲಿ ಹತ್ತರ ಸುಮಾರಿಗೆ ಹೀಗಾದರೆ, ನಲವತ್ತು ದಾಟಿದವರಲ್ಲಿ ಮೂರರಲ್ಲೊಂದು, ನಲವತ್ತೈದು ದಾಟಿದವರಲ್ಲಿ ಅರ್ಧಕ್ಕೂ ಮೇಲು. ಈ ಸಂಚಿಕೆಯನ್ನು ಓದುವ ಹೆಂಗಸರಲ್ಲಿ ಹೀಗೆ ಕಳೆದುಕೊಂಡವರು ಹಲವರಿರಬಹುದು. ಅವರ ಮನೆಯವರು ಈ ಒಂದು ಪರಿಚ್ಛೇದವನ್ನಾದರೂ ಓದಲಿ.

ಡೌನ್ ಸಿಂಡ್ರೋಮ್ ಎಂಬ ಸ್ಥಿತಿ 21ನೆಯ ವರ್ಣತಂತು ಒಂದು ಹೆಚ್ಚಾಗಿ ಬರುವುದರಿಂದ ಉಂಟಾಗುವಂಥದು. ತಾಯಿಯ ವಯಸ್ಸು 25 ಇದ್ದಾಗ ಇದರ ಸಂಭವ ಸುಮಾರು 1,250 ರಲ್ಲಿ ಒಂದು. 35ಕ್ಕೆ 350 ರಲ್ಲಿ ಒಂದು. 40ಕ್ಕೆ ನೂರರಲ್ಲಿ ಒಂದು. ಏರಿಕೆ ದೊಡ್ಡದೆಂಬುದರಲ್ಲಿ ಸಂಶಯವಿಲ್ಲ; ಆದರೆ ನೂರರಲ್ಲಿ ತೊಂಬತ್ತೊಂಬತ್ತು ಮಕ್ಕಳಿಗೆ ಅದಿಲ್ಲವೆಂಬುದೂ ಅದೇ ಅಂಕಿಯ ಇನ್ನೊಂದು ಮುಖ. ಹನ್ನೊಂದರಿಂದ ಹದಿನಾಲ್ಕನೆಯ ವಾರದೊಳಗಿನ ಸ್ಕ್ಯಾನ್, ಹತ್ತನೆಯ ವಾರದ ನಂತರ ತಾಯಿಯ ರಕ್ತದಿಂದಲೇ ಮಾಡುವ ಪರೀಕ್ಷೆ, ಸಂದೇಹವಿದ್ದಲ್ಲಿ ಗರ್ಭಜಲದ ಪರೀಕ್ಷೆ ಇವು ಇಂದು ಲಭ್ಯವಿವೆ. ಪರೀಕ್ಷೆಯ ಫಲ ಬಂದ ಮೇಲೆ ಏನು ಮಾಡುವುದೆಂಬುದನ್ನು ಮಾತ್ರ ದಂಪತಿಗಳು ಮೊದಲೇ ಮಾತಾಡಿಕೊಂಡಿರಬೇಕು. ನಾವು ಮಾತಾಡಿದೆವು; ಇಬ್ಬರ ಉತ್ತರವೂ ಒಂದೇ ಆಗಿರಲಿಲ್ಲ.

ತಾಯಿಗೆ ಗರ್ಭಿಣಿಯ ಮಧುಮೇಹ, ರಕ್ತದೊತ್ತಡ, ಸಿಸೇರಿಯನ್ ಇವುಗಳ ಸಂಭವವೂ ವಯಸ್ಸಿನೊಂದಿಗೆ ಏರುತ್ತದೆ. ಗಂಡಸರು ಮೀಸೆ ತಿರುವಬೇಕಾಗಿಲ್ಲ. ವೀರ್ಯಾಣುಗಳು ಜೀವಮಾನವಿಡೀ ಹೊಸದಾಗಿ ತಯಾರಾಗುವುದು ನಿಜವಾದರೂ, ಪ್ರತಿ ನಕಲಿನಲ್ಲೂ ಬರಹದ ತಪ್ಪುಗಳು ಸೇರುತ್ತವೆ. ತಂದೆಯ ವಯಸ್ಸು ಒಂದು ವರ್ಷ ಹೆಚ್ಚಿದರೆ ಮಗುವಿಗೆ ಸುಮಾರು ಎರಡು ಹೊಸ ವಂಶವಾಹಿ ಬದಲಾವಣೆಗಳು ಹೆಚ್ಚಾಗಿ ದಾಟುತ್ತವೆಂದು ಐಸ್‌ಲ್ಯಾಂಡಿನ ಕುಟುಂಬಗಳನ್ನು ಪರೀಕ್ಷಿಸಿ 2012ರಲ್ಲಿ ತೋರಿಸಿದ್ದಾರೆ. ಅವುಗಳಲ್ಲಿ ಹೆಚ್ಚಿನವು ನಿರುಪದ್ರವಿಗಳು.

ಪ್ರನಾಳ ಶಿಶುವಿನ ವಿಷಯದಲ್ಲಿ ಮುಂಬಯಿಗೆ ಹೆಮ್ಮೆಯ ಸ್ಥಾನವಿದೆ. ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿಯವರು 1978ರ ಅಕ್ಟೋಬರಿನಲ್ಲಿಯೇ ಇದನ್ನು ಸಾಧಿಸಿದರೂ, ಬದುಕಿರುವಾಗ ಅವರಿಗೆ ಮನ್ನಣೆ ದೊರೆಯಲಿಲ್ಲ. 1986ರ ಆಗಸ್ಟ್ 6ರಂದು ನಮ್ಮ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ, ಡಾ. ಇಂದಿರಾ ಹಿಂದುಜಾ ಅವರ ತಂಡದ ಕೈಯಲ್ಲಿ, ಹರ್ಷಾ ಎಂಬ ಮಗು ಜನಿಸಿತು. ಆದರೆ ಈ ವಿದ್ಯೆ ಅಂಡಾಣುವಿನ ವಯಸ್ಸನ್ನು ಹಿಂದಕ್ಕೆ ತಿರುಗಿಸಲಾರದು. ಬ್ರಿಟನ್ನಿನ ಅಂಕಿ ಅಂಶಗಳ ಪ್ರಕಾರ, ಸ್ವಂತ ಅಂಡಾಣುವಿನಿಂದಾದ ಭ್ರೂಣವನ್ನು ಗರ್ಭಕ್ಕೆ ಸೇರಿಸಿದಾಗ ಮಗು ಜನಿಸುವ ಸಂಭವ ಮೂವತ್ತೈದರೊಳಗೆ ನೂರಕ್ಕೆ ಮೂವತ್ತರ ಮೇಲಿದ್ದರೆ, ನಲವತ್ತಮೂರರ ನಂತರ ಐದರ ಆಸುಪಾಸು. ಭಾರತದಲ್ಲಿ 2021ರ ಕಾಯಿದೆಯಂತೆ ಈ ಚಿಕಿತ್ಸೆಗೆ ಹೆಣ್ಣಿಗೆ 50, ಗಂಡಿಗೆ 55 ವರ್ಷದ ಮಿತಿಯಿದೆ. ಕಾಯಿದೆಯ ಮಿತಿಯನ್ನು ದೇಹದ ಮಿತಿಯೆಂದು ಭ್ರಮಿಸಬಾರದು. ನನ್ನ ಮೇಜಿನ ಎದುರು ಕುಳಿತು, ಮೂರನೆಯ ಬಾರಿಗೆ ಠೇವಣಿಯನ್ನು ಅವಧಿಗೆ ಮುನ್ನ ಮುರಿಸಿದ ದಂಪತಿಗಳನ್ನು ಕಂಡಿದ್ದೇನೆ. ಮೊದಲ ಬಾರಿ ಇಬ್ಬರೂ ನಗುತ್ತಿದ್ದರು. ಮೂರನೆಯ ಬಾರಿ ಆಕೆ ಹೊರಗಿನ ಬೆಂಚಿನ ಮೇಲೆಯೇ ಕುಳಿತಿದ್ದಳು.

ಹಣದ ಮಾತನ್ನು ಆಡದಿದ್ದರೆ ನನ್ನ ವೃತ್ತಿಗೆ ದ್ರೋಹವಾದೀತು. ನನಗೆ 44 ಆದಾಗ ಮಗು ಹುಟ್ಟಿದರೆ, 60ಕ್ಕೆ ನಾನು ನಿವೃತ್ತನಾಗುವಾಗ ಅದಕ್ಕೆ 16. ಎಸ್ಸೆಸ್ಸೆಲ್ಸಿಯನ್ನು ಆಗಷ್ಟೇ ಮುಗಿಸಿರುತ್ತದೆ. ಪದವಿ ಮುಗಿಯುವಾಗ ನನಗೆ 65. 2010ರ ಏಪ್ರಿಲ್ ನಂತರ ಬ್ಯಾಂಕಿಗೆ ಸೇರಿದ ನನ್ನಂಥವರಿಗೆ ಹಳೆಯ ನಿಶ್ಚಿತ ಪಿಂಚಣಿಯಿಲ್ಲ. ಶಿಕ್ಷಣದ ವೆಚ್ಚ ವರ್ಷಕ್ಕೆ ನೂರಕ್ಕೆ ಎಂಟರಂತೆ ಏರಿದರೆ ಒಂಬತ್ತು ವರ್ಷಕ್ಕೆ ಇಮ್ಮಡಿ, ಹದಿನೆಂಟು ವರ್ಷಕ್ಕೆ ನಾಲ್ಮಡಿ. ಇಂದಿನ ಹತ್ತು ಲಕ್ಷದ ಓದು ಅಂದು ನಲವತ್ತು ಲಕ್ಷ. ಮಗು ಹುಟ್ಟಿದ ವರ್ಷವೇ ತೆರೆದ ಪಿ.ಪಿ.ಎಫ್. ಖಾತೆ ಹದಿನೈದು ವರ್ಷ ತುಂಬಿ ನಿವೃತ್ತಿಯ ಹೊತ್ತಿಗೆ ಕೈಗೆ ಬರುತ್ತದೆ; ಹೆಣ್ಣಾದರೆ ಸುಕನ್ಯಾ ಸಮೃದ್ಧಿಗೆ ಇಪ್ಪತ್ತೊಂದು ವರ್ಷ ಕಾಯಬೇಕು. ಅವಧಿ ವಿಮೆಯನ್ನು 65 ದಾಟುವವರೆಗೂ ಇಟ್ಟುಕೊಳ್ಳುವುದು ಲೇಸು. ಇಷ್ಟನ್ನೂ ಕಾಗದದ ಮೇಲೆ ಬರೆದು ಪತ್ನಿಗೆ ತೋರಿಸಿದಾಗ ಆಕೆ ಕೇಳಿದ್ದು ಒಂದೇ: "ಇದರಲ್ಲಿ ಮಗು ಎಲ್ಲಿದೆ?"

ನಿಜವಾಗಿ ನನ್ನನ್ನು ಕಾಡುವ ಲೆಕ್ಕವೂ ಹಣದ್ದಲ್ಲ, ಬಾಣಂತನದ್ದು. ತಾಯಿಗೆ ನಲವತ್ತಾದರೆ ತಾಯಿಯ ತಾಯಿಗೆ ಎಷ್ಟು? ಧಾರವಾಡದಲ್ಲಿರುವ ನನ್ನ ಅತ್ತೆಯವರಿಗೆ ಈಗ ಎಪ್ಪತ್ತು. ಎರಡೂ ಮೊಣಕಾಲು ಸವೆದಿವೆ. ಎಣ್ಣೆ ತಿಕ್ಕಿ ಎರೆಯುವುದು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ನೀರು ಹಾಕುವುದು, ಲೋಬಾನದ ಹೊಗೆ, ಅಂಟಿನುಂಡೆ, ಅಳವಿಯ ಪಾಯಸ ಇವೆಲ್ಲ ಅವರ ಕೈಯಲ್ಲಿ ಇನ್ನು ಆಗದ ಮಾತು. ಇಲ್ಲಿ ಮಾಲೀಶ್ ಮಾಡುವ ಬಾಯಿ ದಿನಕ್ಕೆ ಒಂದು ಗಂಟೆ ಬಂದು ಹೋಗುತ್ತಾಳೆ; ಉಳಿದ ಇಪ್ಪತ್ತಮೂರು ಗಂಟೆ? ಕಾಯಿದೆಯ ಇಪ್ಪತ್ತಾರು ವಾರಗಳ ರಜೆ ಮುಗಿದ ಮೇಲೆ ಪಾಳಣಾಘರವೇ ಗತಿ. ಅದೇ ಹೊತ್ತಿಗೆ ಅತ್ತೆಯವರನ್ನೂ ನೋಡಿಕೊಳ್ಳಬೇಕಾಗಿ ಬಂದರೆ, ಒಂದೂವರೆ ಕೋಣೆಯ ಮನೆಯಲ್ಲಿ ತೊಟ್ಟಿಲೂ ವಾಕರೂ ಅಕ್ಕಪಕ್ಕ ನಿಲ್ಲಬೇಕಾಗುತ್ತದೆ. (ಅಂಟಿನುಂಡೆಯ ಬಗ್ಗೆ ಒಂದು ಮಾತು: ಬಸಿರಿನಲ್ಲಿ ಸಕ್ಕರೆ ಏರಿದ್ದ ಬಾಣಂತಿಗೆ ವೈದ್ಯರನ್ನು ಕೇಳದೆ ಅದನ್ನು ಕೊಡಬಾರದು.)

ದತ್ತು ಸ್ವೀಕಾರದಲ್ಲಿಯೂ ವಯಸ್ಸಿನ ಲೆಕ್ಕವುಂಟು. 2022ರ ನಿಯಮಾವಳಿಯಂತೆ ಎರಡು ವರ್ಷದೊಳಗಿನ ಮಗುವಿಗೆ ದಂಪತಿಗಳಿಬ್ಬರ ಒಟ್ಟು ವಯಸ್ಸು 85ನ್ನು ಮೀರಬಾರದು. ಎರಡರಿಂದ ನಾಲ್ಕು ವರ್ಷದ ಮಗುವಿಗೆ 90. ನಮ್ಮ ಮೊತ್ತ ಈಗ 82. ಒಂದು ವರ್ಷ ಕಳೆದರೆ ಈ ಮೊತ್ತಕ್ಕೆ ಎರಡು ಸೇರುತ್ತದೆಂಬುದನ್ನು ಮರೆಯಬಾರದು. ನೋಂದಾಯಿಸಿದ ಬಳಿಕ ಕಾಯಬೇಕಾದ ಅವಧಿಯೂ ದೀರ್ಘ. ಆದ್ದರಿಂದ "ಮೊದಲು ಎಲ್ಲವನ್ನೂ ಪ್ರಯತ್ನಿಸೋಣ, ದತ್ತು ಕೊನೆಗೆ" ಎನ್ನುವವರಿಗೆ ಆ ಕೊನೆ ಸಿಗದೆಯೂ ಹೋಗಬಹುದು. ಇದನ್ನು ಸೋತವರ ಮಾರ್ಗವೆಂದು ಕಾಣುವ ನಮ್ಮವರ ದೃಷ್ಟಿ ನನಗೆ ಒಪ್ಪಿಗೆಯಿಲ್ಲ.

ಹೆಣ್ಣಿಗೆ ಮೂವತ್ತೈದು ದಾಟಿದ್ದರೆ ಆರು ತಿಂಗಳು ಪ್ರಯತ್ನಿಸಿ ಫಲವಿಲ್ಲದಾಗ ವೈದ್ಯರಲ್ಲಿಗೆ ಹೋಗಬೇಕು, ಒಂದು ವರ್ಷ ಕಾಯಬಾರದು. ನಲವತ್ತಾಗಿದ್ದರೆ ಮೊದಲೇ ಹೋಗುವುದು ಯುಕ್ತ. ಗಂಡನ ಪರೀಕ್ಷೆಯೂ ಅದೇ ವಾರ ಆಗಲಿ. ಅದು ಎಲ್ಲಕ್ಕಿಂತ ಸುಲಭ, ಅಗ್ಗ, ಆದರೂ ಹಲವು ಮನೆಗಳಲ್ಲಿ ಕಟ್ಟಕಡೆಗೆ ನಡೆಯುವಂಥದು.

ನಾವು ತಲುಪಿರುವುದು ಇಲ್ಲಿಗೆ. ರಕ್ತದ ಸಕ್ಕರೆ, ಥೈರಾಯ್ಡ್, ರಕ್ತದೊತ್ತಡದ ಪರೀಕ್ಷೆಗಳು ಮುಗಿದಿವೆ. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಗುಳಿಗೆಯನ್ನು ಆಕೆ ಆರಂಭಿಸಿದ್ದಾಳೆ, ಅದು ಬಸಿರಿಗೆ ಮುಂಚೆಯೇ ಆರಂಭವಾಗಬೇಕಾದದ್ದು. ಆಕೆಗೆ ನಲವತ್ತೊಂದು ತುಂಬುವವರೆಗೆ ಪ್ರಯತ್ನ. ಪ್ರನಾಳ ಚಿಕಿತ್ಸೆ ಮಾಡಿಸಿದರೂ ಒಂದೇ ಸಲ, ಅದಕ್ಕಾಗಿ ಸಾಲ ಮಾಡಕೂಡದು. ದತ್ತಿನ ನೋಂದಣಿಗೆ ಬೇಕಾದ ಕಾಗದಗಳನ್ನು ಈಗಿನಿಂದಲೇ ಕೂಡಿಸುತ್ತಿದ್ದೇವೆ. ಪರೀಕ್ಷೆಯ ಫಲದ ಕುರಿತು ನಮ್ಮಿಬ್ಬರ ಉತ್ತರ ಇನ್ನೂ ಒಂದಾಗಿಲ್ಲ. ಈ ಭಾನುವಾರ ಮತ್ತೆ ಮಾತಿಗೆ ಕೂಡುವವರಿದ್ದೇವೆ. ಧಾರವಾಡಕ್ಕೆ ಫೋನ್ ಮಾಡಿ ಅತ್ತೆಯವರಿಗೆ ವಿಷಯ ತಿಳಿಸುವ ಕೆಲಸ ನನ್ನ ಪಾಲಿಗೆ ಬಂದಿದೆ.