ದೀಪಾವಳಿಯಿಂದ ಪತ್ತನಾಜೆಯವರೆಗೆ

ಯಕ್ಷಗಾನದ ಮೇಳಗಳು ತಿರುಗಾಟಕ್ಕೆ ಹೊರಡುವ ಹೊತ್ತಿಗೆ ನಮ್ಮ ಅಂಗಳದಲ್ಲೂ ಕೆಲಸ ಶುರುವಾಗುತ್ತದೆ. ಮೇಳಗಳು ಗೆಜ್ಜೆ ಬಿಚ್ಚುವಾಗ ನಾವೂ ಸಲಕರಣೆ ಒಳಗಿಡುತ್ತೇವೆ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಆಸುಪಾಸಿಗೆ ಪತ್ತನಾಜೆ. ಆಮೇಲೆ ಆಟವಿಲ್ಲ, ಕೋಲ ನೇಮಗಳಿಲ್ಲ, ಹೊರಗಿನ ಯಾವ ಕೆಲಸವೂ ಇಲ್ಲ, ಮಳೆ ಕಾಯುವುದೊಂದೇ. ಮಂಗಳೂರಿನಲ್ಲಿ ಮನೆಯಂಗಳದಲ್ಲೇ ಹಳೆಯ ಕಾರೊಂದನ್ನು ಮತ್ತೆ ಓಡುವಂತೆ ಮಾಡಬೇಕು ಎಂದು ಹೊರಟವರಿಗೆ ನಾನು ಮೊದಲು ಹೇಳುವುದು ಇದನ್ನೇ. ಶೆಡ್ ಇಲ್ಲ ಎಂದು ಕೈಚೆಲ್ಲಿ ಕೂರಬೇಡಿ, ಪಂಚಾಂಗ ನೋಡಿ.

ಈ ಊರಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಉಳಿದ ತಿಂಗಳುಗಳಲ್ಲಿ ಮಳೆ ಕಡಿಮೆಯಾದರೂ ಸಂಜೆಯ ಕಡಲ ಗಾಳಿ ಇದ್ದೇ ಇರುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಮತ್ತು ಗಾಳಿ ಸಾಕು. ಉಪ್ಪು ಸೇರಿದರೆ ಆ ಕೆಲಸ ಎಷ್ಟೋ ಪಟ್ಟು ಬೇಗ ನಡೆಯುತ್ತದೆ. ಉಪ್ಪು ನೆಲೆಯಾದಲ್ಲಿ ತೇವ ಆರುವುದಿಲ್ಲ. ಘಟ್ಟದ ಮೇಲಿನ ಊರುಗಳಲ್ಲಿ ಹತ್ತು ವರ್ಷ ಮೂಲೆಯಲ್ಲಿ ನಿಂತ ಕಾರಿನ ಎಂಜಿನ್ ಕೆಟ್ಟಿರಬಹುದು, ಮೈ ಇನ್ನೂ ಗಟ್ಟಿ ಇರುತ್ತದೆ. ನಮ್ಮಲ್ಲಿ ಅದು ತಿರುವುಮುರುವು.

ನಮ್ಮದು 1982ರ ಪ್ರೀಮಿಯರ್ ಪದ್ಮಿನಿ. ಮನೆಯಲ್ಲಿ ಯಾರೂ ಪದ್ಮಿನಿ ಎಂದವರಲ್ಲ, ಫಿಯೆಟ್ ಎಂದೇ ರೂಢಿ. ಅದು ತಪ್ಪೂ ಅಲ್ಲ. ಇಟಲಿಯ ಫಿಯೆಟ್ 1100 ಡಿ ಮಾದರಿಯನ್ನು ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ 1964ರಿಂದ ತಯಾರಿಸತೊಡಗಿತು, ಎಪ್ಪತ್ತರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂದು ಹೆಸರಿಟ್ಟಿತು. 1089 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್, ಸ್ಟೇರಿಂಗಿನ ಬುಡದಲ್ಲೇ ಗೇರು. ಮುಂಬೈಯ ರಸ್ತೆಗಳಿಂದ ಕೊನೆಯ ಪದ್ಮಿನಿ ಟ್ಯಾಕ್ಸಿ ಮರೆಯಾದದ್ದು 2023ರ ಅಕ್ಟೋಬರಿನಲ್ಲಿ. ಅದರ ಜೋಡಿಯಾಗಿದ್ದ ಅಂಬಾಸಿಡರಿನ ತಯಾರಿಕೆ ಬಂಗಾಳದ ಉತ್ತರಪಾಡಾದಲ್ಲಿ 2014ರಲ್ಲೇ ನಿಂತಿತ್ತು. ಮನೆಯಲ್ಲೇ ಕೈಹಾಕುವವರಿಗೆ ನಾನು ಈ ಎರಡನ್ನೇ ಹೇಳುವುದು. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಕಂಪ್ಯೂಟರ್ ಇಲ್ಲ, ಸೆನ್ಸಾರ್ ಇಲ್ಲ. ಎಂಜಿನ್ ಸ್ಟಾರ್ಟ್ ಆಗದಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಇಲ್ಲವೇ ಕಿಡಿ ಬರುತ್ತಿಲ್ಲ. ಅಲ್ಲಿಂದ ಹಿಂದೆ ಹಿಂದೆ ಹುಡುಕುತ್ತ ಹೋಗಬಹುದು.

ಹಳೆಯ ಕಾರಿನ ಮೇಲೆ ನಮ್ಮ ಜಿಲ್ಲೆಗೆ ಮೊದಲಿನಿಂದಲೂ ಅಕ್ಕರೆ. ಬಾವುಟಗುಡ್ಡೆಯ ಸಂತ ಅಲೋಶಿಯಸ್ ಕಾಲೇಜಿನ ವಸ್ತುಸಂಗ್ರಹಾಲಯ ಅಲೋಶಿಯಂನಲ್ಲಿ 1906ರ ಡಿ ಡಿಯೋನ್ ಕಾರೊಂದಿದೆ. ಕಾಫಿ ಬೆಳೆಗಾರ ಪಿ.ಎಫ್.ಎಕ್ಸ್. ಸಲ್ಡಾನ್ಹಾ ಅವರದು, ಮಂಗಳೂರಿಗೆ ಬಂದ ಮೊದಲ ಕಾರು. ಧರ್ಮಸ್ಥಳದಲ್ಲಿ ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಕಾರುಗಳ ಸಂಗ್ರಹವನ್ನು ನೋಡದೆ ಹಿಂದಿರುಗುವ ಮಕ್ಕಳಿಲ್ಲ. ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯವೂ ಅವರ ಈ ಪ್ರೀತಿಯಿಂದಲೇ ಹುಟ್ಟಿದ್ದು. ಅಲ್ಲಿನ ಕಾರುಗಳಿಗೆ ಸೂರಿದೆ, ನೋಡಿಕೊಳ್ಳುವ ಕೈಗಳಿವೆ. ನಾನು ಹೇಳಹೊರಟದ್ದು ಅದ್ಯಾವುದೂ ಇಲ್ಲದ ಕಾರುಗಳ ಬಗ್ಗೆ: ಊರ್ವದ, ಬಿಜೈಯ, ಜೆಪ್ಪುವಿನ ಹಂಚಿನ ಮನೆಗಳ ಬದಿಯಲ್ಲಿ, ಅಜ್ಜನೋ ಅಪ್ಪನೋ ಕೊನೆಯ ಸಲ ನಿಲ್ಲಿಸಿದಲ್ಲೇ ನಿಂತವುಗಳ ಬಗ್ಗೆ.

ಮೊದಲು ಜಾಗ. ಪದ್ಮಿನಿಗೆ ಹದಿಮೂರು ಅಡಿ ಉದ್ದ, ಐದು ಅಡಿ ಅಗಲ ಸಾಕು. ಆದರೆ ಬಾಗಿಲು ಪೂರ್ತಿ ತೆರೆಯಬೇಕು, ಮನುಷ್ಯ ಕುಳಿತು ಕೆಲಸ ಮಾಡಬೇಕು. ಸುತ್ತ ಮೂರು ಮೂರು ಅಡಿ ಬಿಡಿ. ತಲೆಯ ಮೇಲೆ ಏನಿದೆ ಎಂದೂ ನೋಡಿ. ತೆಂಗಿನ ಮರದ ಕೆಳಗೆ, ಹಲಸಿನ ಮರದ ಕೆಳಗೆ ಬೇಡವೇ ಬೇಡ. ನೆಲ ಗಟ್ಟಿಯಾಗಿ, ಸಮನಾಗಿರಬೇಕು.

ಎಲ್ಲರೂ ಮಾಡುವ ತಪ್ಪು, ನಾನೂ ಮಾಡಿದ ತಪ್ಪು, ಟಾರ್ಪಾಲನ್ನು ಕಾರಿಗೇ ಸುತ್ತಿಬಿಡುವುದು. ಮಳೆ ನೀರೇನೋ ಒಳಗೆ ಬರಲಿಲ್ಲ. ಆದರೆ ನೆಲದ ತೇವ ಮೇಲೆದ್ದು ಟಾರ್ಪಾಲಿನ ಒಳಮೈಯಲ್ಲಿ ಹನಿಗಟ್ಟಿ ಪುನಃ ಕಾರಿನ ಮೇಲೇ ಬಿತ್ತು. ಮಳೆಗಾಲದ ನಡುವಿನ ಆಟಿ ತಿಂಗಳ ಒಂದು ಬಿಸಿಲಿಗೆ ಬಿಚ್ಚಿ ನೋಡಿದಾಗ ಸೀಟಿನ ಮೇಲೆ ಬೂಷ್ಟು, ಬಾಗಿಲ ಸಂದಿಯಲ್ಲಿ ಹೊಸ ತುಕ್ಕು. ಈಗ ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ, ಮೇಲೆ ಹಲಗೆ ಜೋಡಿಸುತ್ತೇನೆ. ನಾಲ್ಕು ಕಂಬ ಹುಗಿದು, ಅಡಿಕೆ ಸಲಾಕೆಯ ಚೌಕಟ್ಟು ಕಟ್ಟಿ, ಕಾರಿನಿಂದ ಎರಡು ಅಡಿ ಎತ್ತರದಲ್ಲಿ ಟಾರ್ಪಾಲು. ಪಡುವಣ ಬದಿಗೆ ಮಾತ್ರ ತಟ್ಟಿ, ಏಕೆಂದರೆ ಗಾಳಿಮಳೆ ಬರುವುದು ಆ ಕಡೆಯಿಂದ. ಉಳಿದ ಮೂರು ಬದಿಯಲ್ಲಿ ಗಾಳಿ ಆಡಲಿ.

ಬೇಸಿಗೆಯಲ್ಲಿ ತೆಂಗಿನ ಮಡಲಿನ ಚಪ್ಪರ ತಂಪಾಗಿರುತ್ತದೆ, ನಿಜ. ಆದರೆ ವೆಲ್ಡಿಂಗ್ ಇದ್ದ ದಿನ ಅದರ ಕೆಳಗೆ ಕಾರು ಇರಬಾರದು. ಫೆಬ್ರವರಿಯ ಒಣ ಮಡಲಿಗೆ ಒಂದು ಕಿಡಿ ಸಾಕು. ಪೆಟ್ರೋಲ್ ಟ್ಯಾಂಕನ್ನು ಪೂರ್ತಿ ಕಳಚಿ ದೂರ ಇಡಬೇಕು, ಬ್ಯಾಟರಿ ತೆಗೆಯಬೇಕು, ಒಂದು ಬಕೆಟ್ ಮರಳು ಹತ್ತಿರ ಇರಬೇಕು.

ಇನ್ನೊಂದು ಮಾತನ್ನು ಕೈಹಿಡಿದು ಹೇಳಬೇಕೆನಿಸುತ್ತದೆ. ನಮ್ಮಲ್ಲಿ ಕೆಂಪುಕಲ್ಲಿಗೆ ಬರವಿಲ್ಲ, ಅಂಗಳದ ಮೂಲೆಯಲ್ಲಿ ನಾಲ್ಕು ಬಿದ್ದೇ ಇರುತ್ತವೆ. ಜಾಕಿಯಲ್ಲಿ ಎತ್ತಿದ ಕಾರಿನ ಕೆಳಗೆ ಅವನ್ನು ಕೊಟ್ಟು ಒಳಗೆ ನುಗ್ಗಬೇಡಿ. ಗೋಡೆಯಲ್ಲಿ ಮಹಡಿಯ ಭಾರ ಹೊರುವ ಕಲ್ಲೇ ಆದರೂ ಒಂದೇ ಕಡೆ ಒತ್ತು ಬಿದ್ದರೆ ಸುಳಿವು ಕೊಡದೆ ಒಡೆಯುತ್ತದೆ. ಕಾಂಕ್ರೀಟ್ ಬ್ಲಾಕೂ ಅಷ್ಟೆ. ಕಬ್ಬಿಣದ ಸ್ಟ್ಯಾಂಡ್ ಕೊಳ್ಳಿ. ಇಲ್ಲವಾದರೆ ಗಟ್ಟಿ ಮರದ ದಪ್ಪ ತುಂಡುಗಳನ್ನು ಅಡ್ಡಡ್ಡ ಪೇರಿಸಿ. ಎಂಜಿನ್ ಇಳಿಸುವಾಗಲೂ ಅಷ್ಟೇ ಎಚ್ಚರ ಬೇಕು. ಅದು ನೂರು ಕಿಲೋಗೂ ಹೆಚ್ಚಿನ ಭಾರ. ಮಾವಿನ ಕೊಂಬೆಗೋ ಹಳೆ ಮನೆಯ ಪಕ್ಕಾಸಿಗೋ ಚೈನ್ ಬ್ಲಾಕ್ ತೂಗುಹಾಕುವುದು ಬೇಡ. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡ್ ಒಂದು ದಿನಕ್ಕೆ ಬಾಡಿಗೆಗೆ ತಂದರಾಯಿತು.

ತುಕ್ಕು ಹುಡುಕುವುದೇ ಒಂದು ವಿದ್ಯೆ. ಬಣ್ಣ ನೋಡಿ ಹೇಳಲಾಗದು, ಕಿವಿ ಬೇಕು. ಸ್ಕ್ರೂ ಡ್ರೈವರಿನ ಹಿಡಿಯಿಂದ ತಗಡಿಗೆ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಕೊಳೆತಲ್ಲಿ ಹಣ್ಣಾದ ಹಲಸಿಗೆ ತಟ್ಟಿದಂತೆ ದಬ್ ಎನ್ನುತ್ತದೆ. ಬಟ್ಟೆ ಸುತ್ತಿದ ಅಯಸ್ಕಾಂತವೂ ಬೇಕು, ಪುಟ್ಟಿ ದಪ್ಪಗಿದ್ದಲ್ಲಿ ಅದು ಹಿಡಿಯುವುದಿಲ್ಲ. ನಮ್ಮ ಕಾರಿನ ಎಡಬದಿಯ ಬಾಗಿಲ ಕೆಳಗೆ ಅಯಸ್ಕಾಂತ ಜಾರಿ ಬಿತ್ತು. ಕೆರೆದು ನೋಡಿದರೆ ಬೆರಳ ದಪ್ಪದ ಪುಟ್ಟಿ, ಅದರ ಹಿಂದೆ ತಗಡೇ ಇಲ್ಲ. ವರ್ಷಗಳ ಹಿಂದೆ ಅಪ್ಪ ಸಾಲದ ದುಡ್ಡು ಕೊಟ್ಟು ಒಂದು ಕಡೆ ಮಾಡಿಸಿದ್ದ ಕೆಲಸ ಅದು. ಹೊಳೆಯುವ ಬಣ್ಣ ಕಂಡು ಎಷ್ಟು ಖುಷಿಪಟ್ಟಿದ್ದರು ಎಂಬುದು ನೆನಪಿಗೆ ಬಂದು ಹೊಟ್ಟೆ ಉರಿಯಿತು.

ಈ ಜಾತಿಯ ಕಾರುಗಳು ಎಲ್ಲಿ ಕೊಳೆಯುತ್ತವೆ ಎಂಬುದು ಬಹುಮಟ್ಟಿಗೆ ಒಂದೇ. ಕಾಲಿಡುವ ನೆಲ, ಬಾಗಿಲ ಕೆಳಗಿನ ಪಟ್ಟಿ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಳಿ, ಮಡ್‌ಗಾರ್ಡಿನ ಒಳಗೆ ಕೆಸರು ಕೂತಲ್ಲಿ. ಕಾರು ಮಾಡಿದವರು ನೀರು ಹರಿಯಲೆಂದು ಅಲ್ಲಲ್ಲಿ ತೂತು ಬಿಟ್ಟಿರುತ್ತಾರೆ, ಅದಕ್ಕೆ ನಮ್ಮ ತರಗೆಲೆ ಸಿಕ್ಕಿಕೊಳ್ಳುತ್ತದೆ. ನಾನು ಚಾಲಕನ ಸೀಟಿನ ಕೆಳಗಿನ ಹಾಸು ಎತ್ತಿದ ದಿನ ಮರೆಯಲಾರೆ. ರಬ್ಬರ್ ಹಾಸು, ಅದರಡಿಯಲ್ಲಿ ಒದ್ದೆ ನಾರು, ನಾರಿನಡಿಯಲ್ಲಿ ಪದರ ಪದರವಾಗಿ ಏಳುವ ಕಂದು ಹಪ್ಪಳ. ಒಂದೊಂದೇ ಹಪ್ಪಳ ಎತ್ತುತ್ತ ಹೋದಂತೆ ಕೊನೆಗೆ ಅಂಗಳದ ಹುಲ್ಲು ಕಾಣಿಸಿತು.

ಕೊಳೆತದ್ದನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತೆಗೆಯಬೇಕು, ಅಲ್ಲಿಗೆ ಇಪ್ಪತ್ತು ಗೇಜಿನ ಹೊಸ ತಗಡು ಕೂರಿಸಬೇಕು. ಈ ಟಿಂಕರಿಂಗ್ ಕೆಲಸ ಮಾತ್ರ ಪಳಗಿದ ಕೈಗೇ ಬಿಡಿ. ಮಂಗಳೂರಿನಲ್ಲಿ ಈಗಲೂ ಗ್ಯಾಸ್ ಸೆಟ್ ಹೊತ್ತು ಮನೆಗೇ ಬರುವ ಹಿರಿಯರಿದ್ದಾರೆ. ನಮ್ಮಲ್ಲಿಗೆ ಬಂದವರು ಮೊದಲ ದಿನ ಏನನ್ನೂ ಮುಟ್ಟಲಿಲ್ಲ. ಕಾರಿಗೆ ಎರಡು ಸುತ್ತು ಬಂದು ಕೇಳಿದರು, “ಬಾಗಿಲು ಸರಿಯಾಗಿ ಮುಚ್ಚುತ್ತದಾ ಮಾರಾಯ್ರೆ?” ಮುಚ್ಚುತ್ತದೆ ಎಂದೆ. “ಹಾಗಾದರೆ ಈಗಲೇ ಒಳಗಿಂದ ಒಂದು ಸರಳು ಅಡ್ಡ ಕೊಡುವ. ನೆಲ ಕತ್ತರಿಸಿದ ಮೇಲೆ ಬಾಡಿ ಬಗ್ಗಿದರೆ ಬಾಗಿಲು ಮತ್ತೆ ಕೂರುವುದಿಲ್ಲ.” ಪದ್ಮಿನಿಗೆ ಬೇರೆ ಚಾಸಿ ಇಲ್ಲ, ನೆಲ ಮತ್ತು ಪಟ್ಟಿಗಳೇ ಅದರ ಎಲುಬು. ಎರಡೂ ಬದಿಯನ್ನು ಒಟ್ಟಿಗೆ ಕತ್ತರಿಸಬಾರದು ಎಂಬುದನ್ನೂ ಅವರಿಂದಲೇ ಕಲಿತೆ.

ಚಿಕ್ಕ ಭಾಗಗಳ ತುಕ್ಕು ಬಿಡಿಸಲು ಬಕೆಟ್ಟಿನ ಉಪಾಯವೊಂದಿದೆ. ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ತುಕ್ಕು ಹಿಡಿದ ಭಾಗವನ್ನು ಬ್ಯಾಟರಿ ಚಾರ್ಜರಿನ ಋಣ ತಂತಿಗೆ, ಬೇಡದ ಕಬ್ಬಿಣದ ಸರಳನ್ನು ಧನ ತಂತಿಗೆ ಕಟ್ಟಿ ಇಳಿಬಿಡುವುದು. ಎರಡೂ ಒಂದಕ್ಕೊಂದು ತಾಗಬಾರದು. ಒಂದು ರಾತ್ರಿಯಲ್ಲಿ ತುಕ್ಕು ಮೆತ್ತಗಾಗಿ ಬ್ರಷ್ಷಿಗೆ ಬಂದುಬಿಡುತ್ತದೆ. ಇದರಲ್ಲಿ ಜಲಜನಕ ಹೊರಡುವುದರಿಂದ ಬಯಲಿನಲ್ಲೇ ಮಾಡಬೇಕು. ಸ್ಟೇನ್‌ಲೆಸ್ ಸ್ಟೀಲ್ ಸರಳು ಹಾಕಲೇಬಾರದು, ನೀರು ವಿಷವಾಗುತ್ತದೆ. ಸಣ್ಣ ನಟ್ಟು ಬೋಲ್ಟುಗಳಿಗೆ ಹಿತ್ತಿಲ ಬಿಂಬುಳಿಯ ರಸವೇ ಸಾಕಾಗುತ್ತದೆ. ಮನೆಯ ಕತ್ತಿಗಳ ತುಕ್ಕು ಬಿಡಿಸುವ ಅದೇ ಹುಳಿ.

ಶುದ್ಧ ಮಾಡಿದ ಕಬ್ಬಿಣವನ್ನು ಈ ಊರಿನಲ್ಲಿ ಒಂದು ರಾತ್ರಿ ಹಾಗೇ ಬಿಡುವಂತಿಲ್ಲ, ಬೆಳಗ್ಗೆ ಹಳದಿ ಮಸುಕು ಕೂತಿರುತ್ತದೆ. ಬೆಳಗ್ಗೆ ಉಜ್ಜಿದ್ದಕ್ಕೆ ಸಂಜೆಯೊಳಗೆ ಪ್ರೈಮರ್ ಬೀಳಬೇಕು. ಯಾವ ಪ್ರೈಮರ್ ಎಂದು ಕೇಳಲು ನಾನು ಹೋದದ್ದು ಬಂದರಿಗೆ, ಮೀನುಗಾರಿಕೆ ದೋಣಿಗಳಿಗೆ ಬಣ್ಣ ಮಾರುವಲ್ಲಿಗೆ. ಉಪ್ಪುನೀರಿನ ಜತೆ ನಿತ್ಯ ಬದುಕುವವರು ಅವರು. ಸತುವಿನ ಪುಡಿ ಬೆರೆತ ಪ್ರೈಮರ್ ಕೊಟ್ಟರು. ಸತುವು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ.

ಬಣ್ಣಕ್ಕೆ ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗಿನ ದಿನಗಳೇ ಯೋಗ್ಯ, ಅದರಲ್ಲೂ ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ, ಕಡಲ ಗಾಳಿ ಬಲವಾಗುವ ಮುಂಚೆ. ಹಳೆಯ ಕಾರುಗಳಿಗೆ ಒಪ್ಪುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ ಬೇಗ ಆರುತ್ತದೆ. ಆರುವಾಗ ತಗಡನ್ನು ತಂಪು ಮಾಡುತ್ತದೆ. ಗಾಳಿಯಲ್ಲಿ ತೇವವಿದ್ದರೆ ಅದು ಬಣ್ಣದ ಮೇಲೆ ಕೂತು ಹಾಲು ಚೆಲ್ಲಿದಂತೆ ಬಿಳಿಚಿಬಿಡುತ್ತದೆ. ಒಂದು ಸಂಜೆ ಆಸೆಗೆ ಬಿದ್ದು ಬಾನೆಟ್ಟಿಗೆ ಕೊನೆಯ ಕೋಟು ಹೊಡೆದು ಇದನ್ನು ಕಣ್ಣಾರೆ ಕಂಡೆ. ಪೂರ್ತಿ ಉಜ್ಜಿ ತೆಗೆದು ಮತ್ತೆ ಮಾಡಬೇಕಾಯಿತು. ಈಗಿನ ಕಾರುಗಳ ಎರಡು ಡಬ್ಬಿ ಬೆರೆಸುವ ಬಣ್ಣ ಮನೆಯಲ್ಲಿ ಬೇಡ. ಅದರ ಹಬೆ ಶ್ವಾಸಕೋಶಕ್ಕೆ ಕೆಟ್ಟದ್ದು, ಸಾದಾ ಮುಖಗವಸು ಅದನ್ನು ತಡೆಯದು.

ಮಳೆಗಾಲದಲ್ಲಿ ಕೆಲಸ ಚಾವಡಿಗೆ ಬರುತ್ತದೆ. ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್, ಗಡಿಯಾರದಂತಹ ಮೀಟರುಗಳು, ಬಾಗಿಲ ಬೀಗ ಎಲ್ಲವೂ ಮೇಜಿನ ಮೇಲೆ. ಫ್ಲ್ಯಾಟಿನಲ್ಲಿ ಇರುವವರು ಬಾಲ್ಕನಿಯಲ್ಲೂ ಮಾಡಬಹುದಾದ ಕೆಲಸಗಳಿವು. ಬಿಚ್ಚಿದ ಸ್ಕ್ರೂಗಳನ್ನು ಹಾರ್ಲಿಕ್ಸ್ ಬಾಟ್ಲಿಗಳಲ್ಲಿ ಹಾಕಿ ಚೀಟಿ ಬರೆದಿಡಿ. ಚೀಟಿ ಪೆನ್ಸಿಲಿನಲ್ಲಿರಲಿ, ನಮ್ಮ ಜುಲೈಯ ತೇವಕ್ಕೆ ಪೆನ್ನಿನ ಶಾಯಿ ಹರಡಿ ಓದಲು ಬಾರದಂತಾಗುತ್ತದೆ. ಬ್ರೇಕ್ ಆಯಿಲಿನ ಡಬ್ಬಿಯ ಮುಚ್ಚಳ ತೆರೆದಿಡಬೇಡಿ, ಅದು ಗಾಳಿಯ ನೀರನ್ನು ಹೀರಿಕೊಳ್ಳುತ್ತದೆ. ಹಳೆಯ ಬ್ರೇಕ್ ಲೈನಿಂಗಿನ ಧೂಳನ್ನು ಊದಬೇಡಿ, ಅದರಲ್ಲಿ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ. ಹೊಸ ಲೈನಿಂಗ್ ಕಟ್ಟಿಸುವಾಗ ಒಂದು ಸಂಗತಿ ತಿಳಿದು ಆನಂದವಾಯಿತು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಎಣ್ಣೆ ಬ್ರೇಕ್ ಲೈನಿಂಗಿಗೆ ಹಾಕುವ ಪುಡಿಗೆ ಬೇಕಂತೆ. ನಮ್ಮ ಕರಾವಳಿಯ ಗೇರು ಕಾರ್ಖಾನೆಗಳ ಸಿಪ್ಪೆಗೂ ಕಾರು ನಿಲ್ಲುವುದಕ್ಕೂ ನಂಟು!

ಕಾಗದಪತ್ರವನ್ನು ಕೊನೆಗೆ ಎಂದು ಮುಂದೂಡಬೇಡಿ. 2021ರ ಜುಲೈಯ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಖಾಸಗಿ ವಾಹನಕ್ಕೆ ಮಾತ್ರ ವಿಂಟೇಜ್ ನೋಂದಣಿ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಸಂಖ್ಯೆಯಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’. ಅಂತಹ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ನಮ್ಮ 82ರ ಫಿಯೆಟ್ಟಿಗೆ ಇನ್ನೂ ಆ ವಯಸ್ಸಾಗಿಲ್ಲ. ಐದು ವರ್ಷಕ್ಕೊಮ್ಮೆ ಆರ್‌ಟಿಒಗೆ ಒಯ್ದು ನೋಂದಣಿ ನವೀಕರಿಸಬೇಕು. ಅಂಬಾಸಿಡರಿಗೆ ಬೇರೆ ಡೀಸೆಲ್ ಎಂಜಿನ್ ಕೂರಿಸಿಕೊಂಡವರು ವಿಂಟೇಜ್ ನೋಂದಣಿಯ ಆಸೆ ಇಟ್ಟುಕೊಳ್ಳುವಂತಿಲ್ಲ.

ಮೂರು ದೀಪಾವಳಿ, ಮೂರು ಪತ್ತನಾಜೆ ಕಳೆದವು. ಕಳೆದ ಆಯುಧಪೂಜೆಯಂದು ಕಾರು ತನ್ನ ಕಾಲ ಮೇಲೆ ಗೇಟಿನವರೆಗೆ ಹೋಗಿ ಬಂತು, ಅಮ್ಮ ಹಿಂದಿನ ಸೀಟಿನಲ್ಲಿ ಕೂತಿದ್ದರು. ಜೂನ್ ಮೊದಲ ವಾರದ ಜಡಿಮಳೆಗೆ ಬೇಕೆಂದೇ ಅದನ್ನು ಟಾರ್ಪಾಲಿನ ಹೊರಗೆ ನಿಲ್ಲಿಸಿದೆ. ಹೊಸ ನೆಲದ ಮೇಲೆ ಹಾಸು ಹಾಕದೆ ಹಳೆಯ ಪತ್ರಿಕೆ ಹರಡಿದ್ದೆ. ರಾತ್ರಿಯಿಡೀ ಹೊಯ್ಯಿತು. ಬೆಳಗ್ಗೆ ಬಾಗಿಲು ತೆರೆದು ಒಂದೊಂದೇ ಹಾಳೆ ಎತ್ತಿ ನೋಡಿದೆ. ಎಲ್ಲ ಗರಿಗರಿ. ಎಡಬದಿಯ ಮುಂದಿನ ಮೂಲೆಯಲ್ಲಿ ಮಾತ್ರ ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಒದ್ದೆ. ಗ್ಲಾಸಿನ ಬೀಡಿಂಗಿನಿಂದ ಇಳಿದಿರಬೇಕು. ಆ ಜಾಗಕ್ಕೆ ಸೀಮೆಸುಣ್ಣದಲ್ಲಿ ಒಂದು ಸುತ್ತು ಹಾಕಿ ಬಾಗಿಲು ಮುಚ್ಚಿದೆ.